ವೈನ್‌ಗೆ ದನಿ ಬಂದ ಬಗೆ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬೆಂಗಳೂರಿನ ನಮ್ಮಂಥವರಿಗೆ ಲಿನಕ್ಸ್ ಸಿಗುತ್ತಿದ್ದುದು ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿ.ಡಿ.ಗಳಲ್ಲಿ. ಅದನ್ನು ಹಾಕಿಕೊಂಡವರೆಲ್ಲ ಮೊದಲು ಕೇಳುತ್ತಿದ್ದುದು ವಿಂಡೋಸ್‌ನ ಆಟಗಳು, ಮಕ್ಕಳ ಪಾಠದ ಸಿ.ಡಿ.ಗಳು ಇದರಲ್ಲಿ ನಡೆಯುತ್ತವೆಯೇ ಎಂದು. 1993ರಲ್ಲಿ ಶುರುವಾದ ವೈನ್ ಯೋಜನೆಯೇ ಅದಕ್ಕೆ ಉತ್ತರ. ವಿಂಡೋಸ್ ಪ್ರೋಗ್ರಾಂ ಕೇಳಿದ್ದನ್ನೆಲ್ಲ ವೈನ್ ಲಿನಕ್ಸ್‌ನಿಂದ ಮಾಡಿಸಿ ಕೊಡುತ್ತದೆ. ಕಿಟಕಿ ತೆರೆಯುತ್ತಿತ್ತು, ಚಿತ್ರ ಮೂಡುತ್ತಿತ್ತು. ಸದ್ದು ಮಾತ್ರ ಎಷ್ಟೋ ಸಲ ಬರುತ್ತಿರಲಿಲ್ಲ.

ಲಿನಕ್ಸ್‌ನಲ್ಲಿ ಸದ್ದಿಗೆ ಒಂದೇ ದಾರಿ ಇರಲಿಲ್ಲ ಎಂಬುದೇ ಇದಕ್ಕೆ ಕಾರಣ. ಹಳೆಯ ಓಎಸ್‌ಎಸ್ ಪದ್ಧತಿಯಲ್ಲಿ ಸಾಮಾನ್ಯ ಸೌಂಡ್ ಕಾರ್ಡನ್ನು ಒಂದು ಪ್ರೋಗ್ರಾಂ ಹಿಡಿದುಕೊಂಡರೆ ಇನ್ನೊಂದಕ್ಕೆ ಅದು ಸಿಗುತ್ತಿರಲಿಲ್ಲ. ಹಾಗಾಗಿ ಡೆಸ್ಕ್‌ಟಾಪ್ ಪರಿಸರಗಳಾದ ಕೆಡಿಇ ಆರ್ಟ್ಸ್ ಎಂಬ ಸೌಂಡ್ ಸರ್ವರನ್ನು, ಗ್ನೋಮ್ ಇಎಸ್‌ಡಿಯನ್ನು ನಡುವೆ ಕೂರಿಸಿದವು. 2003ರ ಕೊನೆಗೆ ಬಂದ 2.6 ಕರ್ನೆಲ್ ಜೊತೆಗೆ ಆಲ್ಸಾ ಎಂಬ ಹೊಸ ಧ್ವನಿ ಪದ್ಧತಿ ಬಂತು.

ವೈನ್ ಬರೆಯುವವರು ಒಂದೊಂದಕ್ಕೂ ಒಂದೊಂದು ಡ್ರೈವರ್ ಬರೆದರು. ಯಾವುದನ್ನು ಲೋಡ್ ಮಾಡಬೇಕೆಂದು ಹೇಳುವ ಹೊಣೆ ಮಾತ್ರ ಬಳಕೆದಾರನ ಮೇಲೇ ಬಿತ್ತು. ಮೊದಲು ಸಂರಚನಾ ಕಡತದಲ್ಲಿ ಡ್ರೈವರಿನ ಹೆಸರನ್ನು ಕೈಯಾರೆ ಬರೆಯಬೇಕಿತ್ತು. ಆಮೇಲೆ ವೈನ್‌ಸಿಎಫ್‌ಜಿ ಎಂಬ ಸಂರಚನಾ ಕಿಟಕಿ ಬಂತು. ಅದರ ಆಡಿಯೋ ಟ್ಯಾಬಿನಲ್ಲಿ ಆಲ್ಸಾ, ಆರ್ಟ್ಸ್, ಇಎಸ್‌ಡಿ, ಓಎಸ್‌ಎಸ್, ಜ್ಯಾಕ್, ಎನ್‌ಎಎಸ್ ಎಂದು ಸಾಲಾಗಿ ಟಿಕ್ ಹಾಕುವ ಚೌಕಗಳು. "ಸದ್ದು ಬರ್ತಿಲ್ಲ, ಯಾವುದಕ್ಕೆ ಟಿಕ್ ಹಾಕಲಿ?" ಎಂದು ಗೆಳೆಯರು ಫೋನ್ ಮಾಡುತ್ತಿದ್ದರು. ಮಗುವಿಗೆ ಪಾಠ ಕೇಳಿಸಬೇಕೆಂದಿದ್ದ ತಂದೆಗೆ ಆರ್ಟ್ಸ್ ಯಾವುದು, ಆಲ್ಸಾ ಯಾವುದು ಎಂದು ಹೇಗೆ ಗೊತ್ತಾಗಬೇಕು?

2008ರ ಏಪ್ರಿಲ್‌ನಲ್ಲಿ ಬಂದ ಉಬುಂಟು 8.04 ಪಲ್ಸ್‌ಆಡಿಯೋ ಎಂಬ ಇನ್ನೊಂದು ಸೌಂಡ್ ಸರ್ವರನ್ನು ಮನೆಮನೆಗೆ ತಂದಿತು. ವೈನ್‌ನಲ್ಲಿ ಅದಕ್ಕೆ ಡ್ರೈವರ್ ಇರಲಿಲ್ಲ. ಆಲ್ಸಾ ಮೂಲಕ ಸುತ್ತಿ ಬಂದ ಸದ್ದು ಬಿಕ್ಕುತ್ತಿತ್ತು. ಎಷ್ಟೋ ಮಂದಿ ಪಲ್ಸ್‌ಆಡಿಯೋವನ್ನು ಆ ಹೊತ್ತಿಗೆ ತಡೆಹಿಡಿದು ಆಟ ಶುರುಮಾಡುತ್ತಿದ್ದರು.

ದೊಡ್ಡ ಬದಲಾವಣೆ ಆದದ್ದು 2011ರಲ್ಲಿ. ವಿಂಡೋಸ್ ವಿಸ್ಟಾ ತನ್ನ ಧ್ವನಿ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿಕೊಂಡಿತ್ತು. ಅದೇ ನಕ್ಷೆಗೆ ಹೊಂದುವಂತೆ ವೈನ್ ಕೂಡ ತನ್ನದನ್ನು ಬುಡದಿಂದ ಬರೆಯಿತು. ಆಂಡ್ರ್ಯೂ ಐಕಮ್ ಅವರ ಕೆಲಸ ಅದರಲ್ಲಿ ದೊಡ್ಡದು. 2012ರ ಮಾರ್ಚಿನಲ್ಲಿ ವೈನ್ 1.4 ಬಂದಾಗ ಆರ್ಟ್ಸ್, ಇಎಸ್‌ಡಿ, ಜ್ಯಾಕ್, ಎನ್‌ಎಎಸ್ ಡ್ರೈವರುಗಳು ಇರಲಿಲ್ಲ. ಆಲ್ಸಾ, ಮ್ಯಾಕ್‌ನ ಕೋರ್‌ಆಡಿಯೋ, ಓಎಸ್‌ಎಸ್ 4 ಉಳಿದಿದ್ದವು. ಪಲ್ಸ್‌ಆಡಿಯೋ ಡ್ರೈವರ್ 2015ರ ಡಿಸೆಂಬರಿನ 1.8ರಲ್ಲಿ ಸೇರಿತು.

ಹೊಸ ಪದ್ಧತಿಯಲ್ಲಿ ಡ್ರೈವರಿನ ಆಯ್ಕೆ ನಡೆಯುವುದು ಒಂದೇ ಕಡೆ, ಎಂಎಂಡೆವ್‌ಎಪಿಐ ಎಂಬ ಘಟಕದಲ್ಲಿ. ಅದು ಡ್ರೈವರುಗಳನ್ನು ಒಂದೊಂದಾಗಿ ಲೋಡ್ ಮಾಡಿ, ನಿನ್ನಿಂದ ಆಗುತ್ತದೆಯೇ, ಎಷ್ಟರ ಮಟ್ಟಿಗೆ ಎಂದು ಕೇಳುತ್ತದೆ. ಉತ್ತರಕ್ಕೆ ನಾಲ್ಕು ಹಂತ: ಲಭ್ಯವಿಲ್ಲ, ಕೆಳದರ್ಜೆ, ಸಾಧಾರಣ, ಮೊದಲ ಆದ್ಯತೆ. ಪಲ್ಸ್ ಡ್ರೈವರ್ ಸರ್ವರಿಗೆ ನಿಜವಾಗಿಯೂ ಸಂಪರ್ಕ ಮಾಡಿ ನೋಡಿಯೇ ಉತ್ತರ ಕೊಡುತ್ತದೆ. ಸಂಪರ್ಕ ಸಿಕ್ಕರೆ ಮೊದಲ ಆದ್ಯತೆ ಅದರದು, ಸಿಗದಿದ್ದರೆ ಅದು ಹಿಂದೆ ಸರಿದು, 'ಸಾಧಾರಣ' ಎಂದು ಉತ್ತರಿಸಿದ ಆಲ್ಸಾಗೆ ಪಾಳಿ ಬರುತ್ತದೆ. ಬೇಕಾದ ಲೈಬ್ರರಿ ಇಲ್ಲದೆ ಒಂದು ಡ್ರೈವರ್ ಲೋಡ್ ಆಗದಿದ್ದರೂ ಕೆಲಸ ನಿಲ್ಲುವುದಿಲ್ಲ, ಮುಂದಿನದನ್ನು ಕೇಳಲಾಗುತ್ತದೆ. ಹಟ ಹಿಡಿದು ಒಂದನ್ನೇ ಬೇಕೆನ್ನುವವರಿಗೆ ರಿಜಿಸ್ಟ್ರಿಯಲ್ಲಿ ಜಾಗ ಇದ್ದೇ ಇದೆ.

ಈ ವಿನ್ಯಾಸದ ಗಟ್ಟಿತನ ಗೊತ್ತಾದದ್ದು 2021ರಲ್ಲಿ. ಲಿನಕ್ಸ್‌ನ ಇನ್ನೊಂದು ವಿತರಣೆಯಾದ ಫೆಡೋರಾ 34 ಪಲ್ಸ್‌ಆಡಿಯೋ ಬದಲಿಗೆ ಪೈಪ್‌ವೈರ್ ಎಂಬ ಹೊಸ ಸರ್ವರನ್ನು ಹಾಕಿತು. ಪೈಪ್‌ವೈರ್ ಪಲ್ಸ್‌ನ ಭಾಷೆಯಲ್ಲೇ ಉತ್ತರಿಸುವುದರಿಂದ ಹಳೆಯ ಡ್ರೈವರೇ ಅದರೊಂದಿಗೆ ಮಾತಾಡಿಕೊಂಡಿತು. ಸದ್ದು ಬರ್ತಿಲ್ಲ ಎನ್ನುವ ಆ ಫೋನುಗಳು ನನಗೆ ಬರುವುದು ನಿಂತು ಬಹಳ ಕಾಲವಾಗಿದೆ.

ಈಗ ತಂತ್ರಾಂಶ ಬರೆಯುತ್ತಿರುವ ಕಿರಿಯರಿಗೆ ನಾನು ಹೇಳುವುದಿಷ್ಟೇ: ಯಂತ್ರ ತಾನೇ ಪರೀಕ್ಷಿಸಿ ತಿಳಿಯಬಹುದಾದ್ದನ್ನು ಬಳಕೆದಾರನನ್ನು ಕೇಳಬೇಡಿ.