ನೋಟಿಸು ಯಾರ ಬಾಗಿಲಿಗೆ?

ಬೆಳಗಿನ ಏಳೂವರೆ. ಹೊಸಪೇಟೆ ಕಡೆಯಿಂದ ಬಂದ ಬಸ್ಸು ನಿಮ್ಮನ್ನು ಗಿಣಿಗೇರಾದಲ್ಲಿ ಇಳಿಸಿ ಕೊಪ್ಪಳದ ದಾರಿ ಹಿಡಿದಿದೆ. ತಾಡಪಾಲು ಹೊದ್ದ ಅದಿರಿನ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿವೆ. ಚಹಾದಂಗಡಿಯಲ್ಲಿ ಒಗ್ಗರಣೆ, ಮಿರ್ಚಿ ಸಿದ್ಧ. ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಬೆಂಚಿನ ಮೇಲೆ ಕುಳಿತು ಮೌನವಾಗಿ ತಿನ್ನುತ್ತಿದ್ದಾರೆ. ನಿಮಗೆ ಬೇಕಾದವರು ಅಲ್ಲೇ ನಿಂತಿದ್ದಾರೆ. ಒಬ್ಬರು ಹೆಗಲಿಗೆ ಚೀಲ ಹಾಕಿದ ಕರ ವಸೂಲಿಗಾರ, ಇನ್ನೊಬ್ಬರು ವಾಲ್ವ್ ತಿರುಗಿಸುವ ಚಾವಿ ಹಿಡಿದ ನೀರಗಂಟಿ. ಗ್ರಾಮ ಪಂಚಾಯಿತಿಯ ಕಾನೂನು ಈ ಊರಿನ ಓಣಿಗಳಲ್ಲಿ ನಡೆದಾಡುವುದು ಹೆಚ್ಚಾಗಿ ಈ ಇಬ್ಬರ ಕಾಲಿನಲ್ಲೇ. ಅವರ ಹಿಂದೆ ಹೊರಡಿ.

ಮೊದಲ ಓಣಿಯಲ್ಲೇ ನೀರು ನಿಂತಿದೆ. ಗಟಾರದ ಮೇಲೆ ಒಬ್ಬರು ಉದ್ದಕ್ಕೂ ಬಂಡೆ ಹಾಸಿ, ಅದರ ಮೇಲೆ ಎರಡು ಮೆಟ್ಟಿಲು ಕಟ್ಟಿ, ಬೈಕು ಹತ್ತಿಸಲು ಸಿಮೆಂಟಿನ ಇಳಿಜಾರು ಮಾಡಿದ್ದಾರೆ. ಕೆಳಗೆ ಪ್ಲಾಸ್ಟಿಕ್ ಚೀಲ, ಹೂಳು, ಸಾಬೂನಿನ ನೊರೆ ಸೇರಿ ಗಟಾರ ಉಸಿರು ಕಟ್ಟಿದೆ. ಮೇಲಿನ ನಾಲ್ಕು ಮನೆಗಳ ಬಚ್ಚಲು ನೀರು ದಾರಿಗೆ ಬಂದಿದೆ.

"ಅಣ್ಣಾ, ಈ ಬಂಡಿ ತಗೀಬೇಕಾಗ್ತೈತಿ. ಹೋದ ವಾರಾನೂ ಹೇಳಿ ಹೋಗೀನಿ. ಏಳು ದಿನ ಟೈಮ್ ಐತಿ, ನೋಟಿಸ್ ತಗೊಂಡು ಸಹಿ ಮಾಡ್ರಿ."

"ತಗೀತೀನೋ ತಮ್ಮಾ. ಆದ್ರ ಆ ಮೂಲಿ ಮನಿ ಕಟ್ಟಿ ಮೊದ್ಲು ತಗಸು. ಅವರಿಗೊಂದು ನ್ಯಾಯ, ನಮಗೊಂದು ನ್ಯಾಯ ಏನು?"

ವಸೂಲಿಗಾರ ಮೂಲೆ ಮನೆಯತ್ತ ನೋಡುತ್ತಾನೆ. ಕಟ್ಟೆ ನಿಜವಾಗಿಯೂ ದಾರಿಗೆ ಬಂದಿದೆ. ಆ ಮನೆಗೂ ಬರೆಯುತ್ತೇನೆ ಎಂದು ಚೀಲದಿಂದ ಇನ್ನೊಂದು ಹಾಳೆ ತೆಗೆಯುತ್ತಾನೆ.

1993ರ ಪಂಚಾಯತ್ ರಾಜ್ ಕಾಯ್ದೆಯನ್ನು ಓದಿದರೆ ಪಂಚಾಯಿತಿಯ ಕೈ ಚಿಕ್ಕದೇನಲ್ಲ. ಅನುಮತಿ ಇಲ್ಲದೆ ಮನೆ ಕಟ್ಟುವಂತಿಲ್ಲ ಎನ್ನುತ್ತದೆ 64ನೇ ಪ್ರಕರಣ. ದಾರಿ, ಗಟಾರ, ಬಯಲು ಜಾಗಗಳ ಒತ್ತುವರಿಯನ್ನು ತೆರವು ಮಾಡಿ, ಅದರ ಖರ್ಚನ್ನು ಒತ್ತುವರಿ ಮಾಡಿದವರಿಂದಲೇ ವಸೂಲು ಮಾಡುವ ಬಲವನ್ನು 72ನೇ ಪ್ರಕರಣ ಕೊಡುತ್ತದೆ. ಆದರೆ ಜೆಸಿಬಿ ತಂದು ನಿಲ್ಲಿಸುವವರೂ ಇದೇ ಊರಿನವರು, ನಾಳೆ ಮದುವೆಗೆ ಕರೆಯಬೇಕಾದವರು, ಮುಂದಿನ ಚುನಾವಣೆಗೆ ಮತ ಕೇಳಬೇಕಾದವರು. ಹಾಗಾಗಿ ಬಂಡೆ ಎಬ್ಬಿಸುವ ಕೆಲಸ ಓಣಿಯಲ್ಲಿ ನಡೆಯುವುದಕ್ಕಿಂತ ಪಂಚಾಯಿತಿಯ ಕಂಪ್ಯೂಟರಿನ ಮುಂದೆ ನಡೆಯುವುದೇ ಹೆಚ್ಚು. ಮಗಳ ಮದುವೆಗೆ ಮನೆಯ ಮೇಲೆ ಸಾಲ ಬೇಕು, ಅಣ್ಣ ತಮ್ಮಂದಿರು ಪಾಲು ಮಾಡಿಕೊಳ್ಳಬೇಕು, ಜಾಗ ಮಾರಬೇಕು ಅಂದಾಗ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9, ನಮೂನೆ 11 ಇಲ್ಲದೆ ಕಾಗದ ಮುಂದೆ ಹೋಗದು. ಹಳೆಯ ಬಾಕಿ ಕಟ್ಟುವುದು ಆ ದಿನ. ಅಳತೆಯಲ್ಲಿ ಬಂದ ತಕರಾರು ಬಗೆಹರಿಯುವುದೂ ಆ ದಿನವೇ. ನನಗೆ ಇದು ಕೊರತೆಯಾಗಿ ಕಾಣುತ್ತದೆ: ಮಾರುವ ಉದ್ದೇಶವೇ ಇಲ್ಲದವನ ಗಟಾರ ಹಾಗೇ ಉಳಿದುಬಿಡುತ್ತದೆ.

ಇನ್ನೊಂದು ತಿರುವು. ಇಲ್ಲಿ ಗೋಡೆಯಿಂದ ದೂರ ನಿಲ್ಲಿ, ನೀರಗಂಟಿ ಕೈ ಅಡ್ಡ ಹಿಡಿದಿದ್ದಾನೆ. ಹಳೆಯ ಮಣ್ಣಿನ ಮಾಳಿಗೆ ಮನೆ, ಅರ್ಧ ಕುಸಿದಿದೆ. ಒಡೆದ ಕಡೆಯಿಂದ ಮಾಳಿಗೆಯ ಪದರಗಳು ಕಾಣುತ್ತಿವೆ: ಕೆಳಗೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ, ಸೊಪ್ಪು, ಮೇಲೆ ದಪ್ಪನೆ ಮಣ್ಣು. ಇಂಥ ಮಾಳಿಗೆ ಬಾಳಬೇಕಾದರೆ ಪ್ರತಿ ಬೇಸಿಗೆಯಲ್ಲಿ ಹೊಸ ಮಣ್ಣು ಹಾಕಿ ತುಳಿಯಬೇಕು, ನೀರು ಹೋಗುವ ದಾರಿ ಸರಿ ಮಾಡಬೇಕು. ಎರಡು ವರ್ಷ ಬಿಟ್ಟರೆ ಇಲಿ ತೂತು ಮಾಡುತ್ತದೆ, ಹುಲ್ಲು ಬೇರು ಬಿಡುತ್ತದೆ, ಮೂರನೇ ಮಳೆಗಾಲಕ್ಕೆ ಜಂತಿ ಕೊಳೆತು ಬಾಗುತ್ತದೆ. ಇಲ್ಲಿ ಜಂತಿಯೊಂದು ಮುರಿದು ಒಲೆಯ ಮೇಲೇ ಬಿದ್ದಿದೆ. ಗೂಡಿನಲ್ಲಿ ಇನ್ನೂ ಒಂದು ಸ್ಟೀಲಿನ ಡಬ್ಬಿ ಇದೆ.

ಖಾತೆ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಮಕ್ಕಳಲ್ಲಿ ಒಬ್ಬರು ಹೊಸಪೇಟೆಯಲ್ಲಿ, ಒಬ್ಬರು ಬೆಂಗಳೂರಿನಲ್ಲಿ. ಪಾಲಾಗಿಲ್ಲದ ಮನೆಗೆ ಯಾರೂ ಮಣ್ಣು ಹಾಕುವುದಿಲ್ಲ. ಪಂಚಾಯಿತಿ ಅಜ್ಜನ ಹೆಸರಿಗೇ ತಿಳಿವಳಿಕೆ ಪತ್ರ ಬರೆದು ಬಾಗಿಲಿಗೆ ಅಂಟಿಸಿದೆ. ಪಕ್ಕದ ಮನೆಯಾಕೆ ಕೂಸನ್ನು ಎತ್ತಿಕೊಂಡು ಬಂದು ಹೇಳುತ್ತಾಳೆ: "ಯಣ್ಣಾ, ಮಳಿ ಹಿಡಿದ್ರ ಈ ಗ್ವಾಡಿ ನಮ್ಮ ಮ್ಯಾಲ ಬರ್ತೈತ್ರಿ. ರಾತ್ರಿ ಕೂಸಿನ ಕರ್ಕೊಂಡು ಆ ಕಡಿ ಕೋಣ್ಯಾಗ ಮಲಗ್ತೀವಿ."

ಮನೆ ಪೂರ್ತಿ ಬಿದ್ದರೆ 1.20 ಲಕ್ಷ ರೂಪಾಯಿ ಎಂದಿತ್ತು ವಿಪತ್ತು ಪರಿಹಾರದ 2022–26ರ ಕೇಂದ್ರ ನಿಯಮ. ತಹಶೀಲ್ದಾರ್ ಕಚೇರಿಯವರು ಬರುತ್ತಾರೆ, ಫೋಟೊ ತೆಗೆಯುತ್ತಾರೆ. ಬೀಳುವ ಮೊದಲು ನಾಲ್ಕು ಜಂತಿ ಬದಲಿಸಲು, ಒಂದು ಗೋಡೆ ಇಳಿಸಲು ಬಡವರ ಕೈಗೆ ಹಣ ಕೊಡುವ ವ್ಯವಸ್ಥೆ ಬೇಕು. ಬಿದ್ದ ಮೇಲಿನ ಲಕ್ಷಕ್ಕಿಂತ ಬೀಳುವ ಮುಂಚಿನ ಇಪ್ಪತ್ತು ಸಾವಿರ ಜೀವ ಉಳಿಸುತ್ತದೆ ಎಂದು ಈ ಓಣಿಯ ಯಾರನ್ನು ಕೇಳಿದರೂ ಹೇಳುತ್ತಾರೆ, ನಾನೂ ಅದನ್ನೇ ಹೇಳುತ್ತೇನೆ.

ಈಗ ಮೂರನೆಯ ಮನೆ. ಆರ್‌ಸಿಸಿ ಮಾಳಿಗೆ, ಬಣ್ಣ ಬಳಿದ ಗೋಡೆ, ಅಂಗಳದಲ್ಲಿ ಸಾರಣೆ, ರಂಗೋಲಿ. ಗಟಾರ ಸ್ವಚ್ಛ. ಕರ ಬಾಕಿಯಿಲ್ಲ. ವಸೂಲಿಗಾರನ ಪಟ್ಟಿಯಲ್ಲಿ ಈ ಮನೆಯ ಮುಂದೆ ಯಾವ ಗುರುತೂ ಇಲ್ಲ. ಆದರೂ ಈ ಮನೆಯ ಅಜ್ಜಿ ಬಿಡುವುದಿಲ್ಲ. "ಮ್ಯಾಲ ಬರ್ರಿ, ತೋರಸ್ತೀನಿ."

ಮೆಟ್ಟಿಲು ಹತ್ತಿ. ಕೈ ಊರಬೇಡಿ. ಅಜ್ಜಿ ನಸುಕಿನಲ್ಲೇ ಕಸಬರಿಗೆ ಆಡಿಸಿದ್ದಾಳೆ, ಮೂಲೆಯಲ್ಲಿ ಗುಡ್ಡೆ ಮಾಡಿದ್ದಾಳೆ. ಕರಿ ಬೂದಿ. ಬೆರಳಿನ ನಡುವೆ ತಿಕ್ಕಿದರೆ ನುಣುಪು, ನಡುನಡುವೆ ಬಿಸಿಲಿಗೆ ಮಿನುಗುವ ಕಣ. ಮೊಮ್ಮಗ ಒಡೆದ ಸ್ಪೀಕರಿನ ಅಯಸ್ಕಾಂತ ತಂದು ಗುಡ್ಡೆಯ ಮೇಲೆ ಆಡಿಸುತ್ತಾನೆ. ಎತ್ತಿದಾಗ ಅದಕ್ಕೆ ಕಪ್ಪು ಮೀಸೆ ಬಂದಿದೆ. ಒಣಹಾಕಿದ ಬಿಳಿ ಧೋತರದ ಮೇಲೆ ಆಗಲೇ ಬೂದುಬಣ್ಣ. ನೀರಿನ ಟಾಕಿಯ ಮುಚ್ಚಳ ಎತ್ತಿದರೆ ಅಂಚಿನಲ್ಲಿ ಅದೇ ಗೆರೆ. ಸಂಡಿಗೆ, ಹಪ್ಪಳ, ಶಾವಿಗೆ ಈ ಮಾಳಿಗೆಯ ಮೇಲೆ ಒಣಗಿಸುವುದನ್ನು ಬಿಟ್ಟಿದ್ದಾಗಿ ಅಜ್ಜಿ ಹೇಳುತ್ತಾಳೆ. ಬೇಸಿಗೆಯಲ್ಲಿ ತಂಗಿಯ ಊರಿಗೆ ಹೋಗಿ ಮಾಡಿಕೊಂಡು ಬರುತ್ತಾಳಂತೆ.

ಇಲ್ಲಿಂದ ತಲೆ ಎತ್ತಿದರೆ ಚಿಮಣಿಗಳು. ಗಿಣಿಗೇರಾ, ಅಲ್ಲಾನಗರ, ಹಿರೇಬಗನಾಳ, ಚಿಕ್ಕಬಗನಾಳ, ಕಾಸನಕಂಡಿ ಸುತ್ತಲಿನ ಹೊಲಗಳ ನಡುವೆ ಉಕ್ಕು, ಬೀಡುಕಬ್ಬಿಣ, ಸ್ಪಾಂಜ್ ಐರನ್ ಕಾರ್ಖಾನೆಗಳು ಎದ್ದಿವೆ. ಬಳ್ಳಾರಿ, ಸಂಡೂರಿನ ಅದಿರು ಹತ್ತಿರ, ತುಂಗಭದ್ರೆಯ ನೀರು ಹತ್ತಿರ, ರೈಲು ಮನೆ ಬಾಗಿಲಿಗೆ. ಸ್ಪಾಂಜ್ ಐರನ್ ಮಾಡುವಾಗ ಅದಿರನ್ನೂ ಕಲ್ಲಿದ್ದಲನ್ನೂ ತಿರುಗುವ ಉದ್ದನೆ ಕೊಳವೆಯಂಥ ಕುಲುಮೆಯಲ್ಲಿ ಕಾಯಿಸುತ್ತಾರೆ. ಹೊಗೆಯ ಜೊತೆ ಹೊರಡುವ ದೂಳನ್ನು ವಿದ್ಯುತ್ತಿನಿಂದ ಸೆಳೆದು ಹಿಡಿಯುವ ಯಂತ್ರವಿದೆ, ಇಎಸ್‌ಪಿ ಅನ್ನುತ್ತಾರೆ. ಅದು ಸರಿಯಾಗಿ ಓಡುತ್ತಿದ್ದರೆ ದೂಳು ಬಹುಪಾಲು ಅಲ್ಲೇ ನಿಲ್ಲುತ್ತದೆ. ರಾತ್ರಿ ಹೊತ್ತು ಹೊಗೆ ದಟ್ಟವಾಗುತ್ತದೆ ಎಂಬುದು ಈ ಊರುಗಳ ಹಳೆಯ ದೂರು. ಗಾಳಿಯಲ್ಲಿ ಒಂದು ಘನ ಮೀಟರಿಗೆ ದಿನದ ಸರಾಸರಿ ಲೆಕ್ಕದಲ್ಲಿ ಪಿಎಂ 10 ಕಣ 100 ಮೈಕ್ರೊಗ್ರಾಂ, ಪಿಎಂ 2.5 ಕಣ 60 ಮೈಕ್ರೊಗ್ರಾಂ ದಾಟಬಾರದು ಎಂದು 2009ರಿಂದ ದೇಶದ ಮಾನದಂಡ ಹೇಳುತ್ತಿದೆ.

"ಗಟಾರ ಕಟ್ಟಿದ್ರ ನಮಗ ನೋಟಿಸ್ ಕೊಡ್ತೀರಿ. ಈ ಬೂದಿಗೆ ಯಾರಿಗೆ ಕೊಡ್ತೀರಿ?"

ವಸೂಲಿಗಾರ ಮಾತಾಡುವುದಿಲ್ಲ. ಅವನ ಮನೆಯೂ ಎರಡು ಓಣಿ ಆಚೆ, ಅವನ ಹೆಂಡತಿಯೂ ಬೆಳಿಗ್ಗೆ ಇದೇ ಬೂದಿ ಗುಡಿಸಿದ್ದಾಳೆ. ಕಾರ್ಖಾನೆ ಕಟ್ಟಲು ಪಂಚಾಯಿತಿಯ ಅನುಮತಿಯ ಮಾತು ಪಂಚಾಯತ್ ರಾಜ್ ಕಾಯ್ದೆಯ 66ನೇ ಪ್ರಕರಣದಲ್ಲಿದೆ. ಆದರೆ ಚಿಮಣಿಯ ಲೆಕ್ಕ 1981ರ ವಾಯು ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಕೈಯಲ್ಲಿ. ನನ್ನ ಹೊಟ್ಟೆಗೆ ಬೆಂಕಿ ಬೀಳುವುದು ಇಲ್ಲೇ. ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಳ್ಳುವ ಹೊಣೆ ಅಜ್ಜಿಯದೇ, ಅದನ್ನು ಅವಳು ಒಂದು ದಿನವೂ ತಪ್ಪಿಸಿಲ್ಲ. ಹೊರಗಿನಿಂದ ಬಂದು ಬೀಳುವ ಬೂದಿಯ ಹೊಣೆಯನ್ನೂ ಅವಳ ಕಸಬರಿಗೆಯ ಮೇಲೆ ಹಾಕುವುದು ಯಾವ ನ್ಯಾಯ?

ಊರು ಸುಮ್ಮನೆ ಕುಳಿತಿಲ್ಲ. ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತಾಗ ಜನ ಗಿಣಿಗೇರಾದ ಕೆರೆಯ ಹೂಳೆತ್ತಿದರು. 2025ರ ಫೆಬ್ರುವರಿ 24ರಂದು ಹೊಸ ಉಕ್ಕಿನ ಕಾರ್ಖಾನೆ ಬೇಡವೆಂದು ಕೊಪ್ಪಳ ಬಂದ್ ಆಯಿತು. ಅಂಗಡಿ ಮುಚ್ಚಿದವರು, ರೈತರು, ವಿದ್ಯಾರ್ಥಿಗಳು ಬೀದಿಗೆ ಬಂದರು. ಸ್ವಾಮೀಜಿ ಅಂದೂ ಅವರ ಜೊತೆಗಿದ್ದರು.

ಮಧ್ಯಾಹ್ನದ ಗ್ರಾಮಸಭೆಯಲ್ಲಿ ನೀವೂ ಕುಳಿತುಕೊಳ್ಳಿ. ಶಾಮಿಯಾನದ ಕೆಳಗೆ ಜಮಖಾನ, ಮುಂದೆ ಮೇಜು, ದಪ್ಪನೆಯ ನಡಾವಳಿ ಪುಸ್ತಕ. ಮನೆ ಹಂಚಿಕೆಯ ಪಟ್ಟಿ ಓದುವಾಗ ಗದ್ದಲ, ಕುಡಿಯುವ ನೀರಿನ ವಿಷಯಕ್ಕೆ ಇನ್ನೂ ಗದ್ದಲ. ಅಜ್ಜಿ ಸೆರಗು ಬಿಗಿದು ಎದ್ದು ನಿಲ್ಲುತ್ತಾಳೆ. ಕಾಗದದಲ್ಲಿ ಕಟ್ಟಿ ತಂದ ಬೂದಿಯನ್ನು ಮೇಜಿನ ಮೇಲೆ ಇಡುತ್ತಾಳೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಮೇಡಂ ಪೆನ್ನು ಎತ್ತಿಕೊಳ್ಳುತ್ತಾರೆ, ಬರೆಯುತ್ತಾ ಗಟ್ಟಿಯಾಗಿ ಓದುತ್ತಾರೆ: ಮನೆಗಳ ಮಾಳಿಗೆ, ಕುಡಿಯುವ ನೀರಿನ ಟಾಕಿಗಳ ಮೇಲೆ ಕಪ್ಪು ದೂಳು ಬೀಳುತ್ತಿರುವುದಾಗಿ ಸಭೆಯಲ್ಲಿ ದೂರು ಬಂದಿದ್ದು, ಪರಿಶೀಲಿಸಿ ಕ್ರಮ ಕೈಗೊಳ್ಳಲು ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯಲು ತೀರ್ಮಾನಿಸಲಾಯಿತು.

"ಉತ್ತರ ಎಷ್ಟು ದಿನಕ್ಕ ಬರ್ತೈತ್ರಿ ಮೇಡಂ?"

"ಬರ್ತೈತಿ ಯವ್ವಾ, ಕಳಸ್ತೀವಿ."

"ನಮಗ ಗಟಾರಕ್ಕ ಏಳು ದಿನ ಹಾಕೀರಿ. ಅವ್ರಿಗೂ ದಿನ ಹಾಕ್ರಿ."

ಹಿಂದಿನಿಂದ ಹೆಂಗಸರು "ಹಾಕ್ರಿ, ಹಾಕ್ರಿ" ಅನ್ನುತ್ತಾರೆ. ಪಿಡಿಒ ಮೇಡಂ ಬರೆದ ಸಾಲಿನ ಮೇಲೆ ಬಾಣದ ಗುರುತು ಹಾಕಿ, "ಏಳು ದಿನದೊಳಗೆ" ಎಂದು ಸೇರಿಸುತ್ತಾರೆ.