ನೀವೇ ತುಂಬಿಸಿಕೊಳ್ಳಿ

ವಿದೇಶ ಸುತ್ತಿ ಬಂದವರನ್ನು ಮಾತಿಗೆಳೆದರೆ ಕೋಟೆ, ಸರೋವರ, ವಸ್ತುಸಂಗ್ರಹಾಲಯ ಎಂದು ಶುರುವಾಗುತ್ತದೆ. ಫೋಟೋಗಳೆಲ್ಲ ಮುಗಿಯುವ ಹೊತ್ತಿಗೆ ಎರಡು ಸುತ್ತು ಕಾಫಿ ಆಗಿರುತ್ತದೆ. ಸ್ಕಾಟ್ಲೆಂಡಿನಿಂದ ಬಂದ ಮೇಲೆ ನಾನು ಪೆಟ್ರೋಲ್ ಬಂಕಿನ ವಿಷಯ ಎತ್ತಿದರೆ ನೆಂಟರು ನಗುತ್ತಾರೆ. ‘ಅಷ್ಟು ದೂರ ಹೋಗಿ ನೋಡಿದ್ದು ಬಂಕೇ?’ ಎನ್ನುತ್ತಾರೆ. ಕೋಟೆಗಳನ್ನೂ ನೋಡಿದೆ. ಆದರೆ ಒಂದು ಊರಿನ ಜನ ಹೇಗೆ ಬದುಕುತ್ತಾರೆಂದು ತಿಳಿಯಬೇಕಾದರೆ ಕೋಟೆಗಿಂತ ಬಂಕೇ ವಾಸಿ ಎಂಬುದು ನನ್ನ ಅನುಭವ.

2023ರ ಜೂನ್ ತಿಂಗಳು. ಮಗಳು ಗ್ಲಾಸ್ಗೋದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಕಾಲೇಜಿಗೆ ರಜೆ ಹಾಕಿ ನಾನೂ, ನಿವೃತ್ತರಾದ ನಮ್ಮವರೂ ಹೋಗಿದ್ದೆವು. ಇನ್ವರ್ನೆಸ್ ಪಟ್ಟಣದಲ್ಲಿ ಕಾರು ಬಾಡಿಗೆಗೆ ಪಡೆದು ವಾಯವ್ಯದ ಬೆಟ್ಟಗಾಡು ಸುತ್ತುವುದೆಂದು ತೀರ್ಮಾನವಾಯಿತು. ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಗಡೆಯೇ ಓಡಿಸುವುದು. ನಮ್ಮ ದೇಶದ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ಹೋದ ದಿನದಿಂದ ಹನ್ನೆರಡು ತಿಂಗಳು ನಡೆಯುತ್ತದೆ. ಮಗಳಿಗೆ ಇಪ್ಪತ್ತೈದು ತುಂಬಿತ್ತು. ಅದಕ್ಕಿಂತ ಚಿಕ್ಕವರಿಗೆ ಎಷ್ಟೋ ಕಂಪನಿಗಳು ಹೆಚ್ಚಿನ ಬಾಡಿಗೆ ಹಾಕುತ್ತವೆ.

ಕೀ ಕೊಟ್ಟಾತ ಹೇಳಿದ ಮುಖ್ಯ ಮಾತು ಒಂದೇ: ಟ್ಯಾಂಕ್ ತುಂಬಿದೆ, ತುಂಬಿಸಿಯೇ ಹಿಂದಿರುಗಿಸಿ. ಕಡಿಮೆಯಿದ್ದರೆ ಅವರೇ ತುಂಬಿಸಿಕೊಂಡು, ಪೆಟ್ರೋಲಿನ ಬೆಲೆಯ ಮೇಲೆ ಸೇವಾ ಶುಲ್ಕವನ್ನೂ ಸೇರಿಸಿ ಕಾರ್ಡಿನಿಂದ ಕತ್ತರಿಸುತ್ತಾರೆ. ಆದ್ದರಿಂದ ಕಾರು ಒಪ್ಪಿಸುವ ಜಾಗದ ಹತ್ತಿರದ ಬಂಕಿನಲ್ಲೇ ಕೊನೆಯ ಸಲ ತುಂಬಿಸಿ, ರಸೀದಿ ಜೋಪಾನ ಮಾಡಬೇಕು. ಹೊರಡುವಾಗಲೂ ಮರಳುವಾಗಲೂ ಮುಳ್ಳು ಎಲ್ಲಿದೆ ಎಂಬುದರ ಫೋಟೋ ತೆಗೆದಿಟ್ಟುಕೊಳ್ಳಬೇಕು. ಮಗಳು ಎರಡನ್ನೂ ಮಾಡಿದಳು. ಊರಿನಲ್ಲಿದ್ದಾಗ ಛತ್ರಿ ಎಲ್ಲಿಟ್ಟೆ ಎಂದು ದಿನಾ ನನ್ನನ್ನೇ ಕೇಳುತ್ತಿದ್ದವಳು!

ಎರಡನೆಯ ದಿನ ಬಂಕಿಗೆ ಹೋದೆವು. ಟ್ಯಾಂಕಿನ ಮುಚ್ಚಳ ಯಾವ ಕಡೆ ಎಂದು ಕೆಳಗಿಳಿದು ನೋಡಲು ನಮ್ಮವರು ಬಾಗಿಲಿಗೆ ಕೈ ಹಾಕಿದರು. ಮಗಳು, ‘ಅಪ್ಪ, ಇಳಿಯೋದು ಬೇಡ, ಇಲ್ಲಿ ನೋಡು’ ಎಂದು ಮುಳ್ಳಿನ ಪಕ್ಕ ಬರೆದಿದ್ದ ಪೆಟ್ರೋಲ್ ಪಂಪಿನ ಪುಟ್ಟ ಚಿತ್ರ ತೋರಿಸಿದಳು. ಅದರ ಬದಿಯಲ್ಲೊಂದು ಬಾಣದ ಗುರುತು. ಬಾಣ ತೋರಿದ ಕಡೆಯೇ ಮುಚ್ಚಳ. 1986ರಲ್ಲಿ ಫೋರ್ಡ್ ಕಂಪನಿಯ ಎಂಜಿನಿಯರ್ ಜಿಮ್ ಮಾಯ್ಲನ್ ಸೂಚಿಸಿದ ಉಪಾಯವಿದು. ನಮ್ಮ ಮನೆಯ ಕಾರಿನಲ್ಲೂ ಆ ಬಾಣ ಇದೆ. ನಮ್ಮ ಬಂಕುಗಳಲ್ಲಿ ‘ಹಿಂದೆ ಬಿಡಿ ಸಾರ್, ಇನ್ನೂ ಬಿಡಿ’ ಎಂದು ಕೈ ಆಡಿಸುವವರು ಇರುವುದರಿಂದ ಅದನ್ನು ನೋಡುವ ಪ್ರಸಂಗವೇ ಬರುವುದಿಲ್ಲ.

ಅಲ್ಲಿ ಕೈ ಆಡಿಸುವವರೂ ಇಲ್ಲ, ‘ಜೀರೋ ನೋಡ್ಕೊಳಿ’ ಎನ್ನುವವರೂ ಇಲ್ಲ. ಎಲ್ಲವೂ ನಿಮ್ಮದೇ ಕೈ. ಮೊದಲು ಯಾವ ನಾಜಲ್ ಎಂದು ನೋಡಬೇಕು. ಬ್ರಿಟನ್ನಿನಲ್ಲಿ ಹಸಿರು ಹಿಡಿ ಪೆಟ್ರೋಲಿಗೆ, ಕಪ್ಪು ಹಿಡಿ ಡೀಸೆಲ್ಲಿಗೆ. ಹಾಗೆಂದು ಬಣ್ಣವನ್ನು ನಂಬಿಕೊಂಡರೆ ಕೆಟ್ಟೆವು. ಅಮೆರಿಕದ ಎಷ್ಟೋ ಬಂಕುಗಳಲ್ಲಿ ಹಸಿರು ಹಿಡಿಯೇ ಡೀಸೆಲ್! ಬರಹ ಓದುವುದೇ ಕ್ಷೇಮ. ಬ್ರಿಟನ್ನಿನಲ್ಲೂ ಯುರೋಪಿನ ಹಲವು ದೇಶಗಳಲ್ಲೂ ಪೆಟ್ರೋಲಿಗೆ ವೃತ್ತದೊಳಗೆ ‘ಇ10’ ಅಥವಾ ‘ಇ5’ ಎಂದೂ, ಡೀಸೆಲ್ಲಿಗೆ ಚೌಕದೊಳಗೆ ‘ಬಿ7’ ಎಂದೂ ಗುರುತಿರುತ್ತದೆ. ಇ10 ಎಂದರೆ ಶೇಕಡಾ ಹತ್ತರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಡೀಸೆಲ್ ನಾಜಲ್ ಸಾಮಾನ್ಯವಾಗಿ ದಪ್ಪ, ಪೆಟ್ರೋಲ್ ಕಾರಿನ ಬಾಯಿಗೆ ಹಿಡಿಸುವುದಿಲ್ಲ. ಪೆಟ್ರೋಲಿನ ಸಣ್ಣ ನಾಜಲ್ ಮಾತ್ರ ಡೀಸೆಲ್ ಕಾರಿನೊಳಕ್ಕೆ ಸಲೀಸಾಗಿ ಇಳಿದುಬಿಡುತ್ತದೆ. ಅಂಥ ಪಕ್ಷದಲ್ಲಿ ಎಂಜಿನ್ ಚಾಲೂ ಮಾಡದೆ ಸಹಾಯಕ್ಕೆ ಫೋನ್ ಮಾಡುವುದೇ ಸರಿ.

ಇನ್ನು ಲೆಕ್ಕ. ಪೆಟ್ರೋಲ್ ಮಾರುವುದು ಲೀಟರಿನಲ್ಲಿ, ರಸ್ತೆಯ ಫಲಕ ಮೈಲಿಯಲ್ಲಿ, ಕಾರು ತನ್ನ ಹಸಿವನ್ನು ಹೇಳಿಕೊಳ್ಳುವುದು ಗ್ಯಾಲನ್ನಿಗೆ ಇಷ್ಟು ಮೈಲಿ ಎಂದು. ಬ್ರಿಟನ್ನಿನ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785. ನಮ್ಮ ಕಾರು ಗ್ಯಾಲನ್ನಿಗೆ 40 ಮೈಲಿ ಎಂದು ತೋರಿಸುತ್ತಿತ್ತು. ಲೀಟರಿಗೆ ಸುಮಾರು 14 ಕಿಲೋಮೀಟರ್ ಆಯಿತು. ಪಿ.ಯು. ಮಕ್ಕಳಿಗೆ ಏಕಮಾನ ಪರಿವರ್ತನೆಯ ಲೆಕ್ಕ ಕೊಟ್ಟಾಗ ‘ಇದೆಲ್ಲ ಯಾವ ಉಪಯೋಗಕ್ಕೆ ಮೇಡಂ?’ ಎಂದು ಕೇಳುವುದುಂಟು. ಇಗೋ ಉಪಯೋಗ.

ಮಗಳು ನಾಜಲ್ ಹಿಡಿದು ನಿಂತಳು. ತುಂತುರು ಮಳೆ. ಟ್ಯಾಂಕ್ ತುಂಬುತ್ತಲೇ ‘ಟಕ್’ ಎಂದು ತಾನೇ ನಿಂತಿತು. ಭೌತಶಾಸ್ತ್ರದ ಮೇಷ್ಟರಿಗೆ ಇಂಥ ಕಡೆ ಬಾಯಿ ಸುಮ್ಮನಿರುವುದಿಲ್ಲ. ನಾಜಲ್ಲಿನ ತುದಿಯಲ್ಲಿ ಸಣ್ಣ ರಂಧ್ರವಿದೆ. ಪೆಟ್ರೋಲ್ ಇಕ್ಕಟ್ಟಿನ ದಾರಿಯಲ್ಲಿ ರಭಸದಿಂದ ಹರಿಯುವಾಗ ಒಳಗೆ ಒತ್ತಡ ಇಳಿದು ಆ ರಂಧ್ರದಿಂದ ಗಾಳಿ ಎಳೆದುಕೊಳ್ಳುತ್ತಿರುತ್ತದೆ. ಪೆಟ್ರೋಲಿನ ಮಟ್ಟ ಏರಿ ರಂಧ್ರ ಮುಚ್ಚಿತೋ, ಗಾಳಿ ಸಿಗದೆ ಒತ್ತಡ ಇನ್ನಷ್ಟು ಕುಸಿಯುತ್ತದೆ. ಆ ಸೆಳೆತಕ್ಕೆ ಒಳಗಿನ ತೆಳು ಪೊರೆ ಸರಿದು ಕೊಂಡಿ ಬಿಡಿಸುತ್ತದೆ. ವೆಂಚುರಿಯ ತತ್ವವೇ ಇದು. ವಿದ್ಯುತ್ತು ಬೇಡ, ಗಣಕಯಂತ್ರ ಬೇಡ. ನಮ್ಮವರು ಮಾತ್ರ ಪಾಠ ಕೇಳದೆ ಮೀಟರಿನ ಕಡೆ ನೋಡುತ್ತ, ‘ದುಡ್ಡು ಯಾರಿಗೆ ಕೊಡೋದು?’ ಎಂದರು.

ಅಲ್ಲಿಯ ಬಹುತೇಕ ಬಂಕುಗಳಲ್ಲಿ ಮೊದಲು ತುಂಬಿಸುವುದು, ಆಮೇಲೆ ಒಳಗಿನ ಅಂಗಡಿಗೆ ನಡೆದು ಪಂಪಿನ ನಂಬರು ಹೇಳಿ ದುಡ್ಡು ಕೊಡುವುದು. ‘ಹಾಗೇ ಹೊರಟುಹೋದರೆ?’ ನಮ್ಮವರ ಪ್ರಶ್ನೆ. ಮೂವತ್ತೆರಡು ವರ್ಷ ಲೆಕ್ಕಪತ್ರ ತಪಾಸಣೆ ಮಾಡಿದವರು, ಪ್ರಶ್ನೆ ಸಹಜ. ಮಗಳು ನಕ್ಕಳು. ‘ಕ್ಯಾಮೆರಾ ಇದೆಯಪ್ಪ, ಕಾರಿನ ನಂಬರು ಸಿಕ್ಕೇ ಸಿಗುತ್ತೆ. ಆದ್ರೆ ನಾನು ಒಳಗೆ ಹೋಗೋದು ಕ್ಯಾಮೆರಾಗೆ ಹೆದರಿ ಅಲ್ಲ. ಅವರು ಮೊದಲು ನಂಬಿ ಕೊಟ್ಟರಲ್ಲ, ಅದಕ್ಕೆ.’ ಅವರು ಉತ್ತರಿಸಲಿಲ್ಲ.

ಎಲ್ಲ ಕಡೆಯೂ ಹೀಗೆಯೇ ಎಂದು ತಿಳಿಯಬೇಕಿಲ್ಲ. ಕೆಲವು ಪಂಪುಗಳಲ್ಲಿ ಮೊದಲೇ ಕಾರ್ಡು ತೋರಿಸಬೇಕು. ನೂರು ಪೌಂಡಿನ ಆಸುಪಾಸಿನ ಮೊತ್ತವನ್ನು ತಾತ್ಕಾಲಿಕವಾಗಿ ತಡೆಹಿಡಿದು, ತುಂಬಿಸಿಕೊಂಡಷ್ಟಕ್ಕೆ ಮಾತ್ರ ಆಮೇಲೆ ವಸೂಲು ಮಾಡುತ್ತಾರೆ. ಟೈರಿಗೆ ಹಾಕುವ ಗಾಳಿಗೂ ಕಾಸು ಕೇಳುವ ಯಂತ್ರಗಳು ಅಲ್ಲಿ ಸಾಮಾನ್ಯ. ಗಾಳಿಗೂ ದುಡ್ಡೇ ಎಂದು ನಮ್ಮವರು ಊರಿಗೆ ಬಂದ ಮೇಲೂ ಹೇಳುತ್ತಿದ್ದಾರೆ.

ಮಾರನೆಯ ದಿನದ ದಾರಿ ಆಪಲ್‌ಕ್ರಾಸ್ ಎಂಬ ಕಡಲತಡಿಯ ಹಳ್ಳಿಗೆ. ಬೆಲಾಕ್ ನ ಬಾ ಎಂಬ ಘಾಟಿ ಹತ್ತಿಳಿಯಬೇಕು. ಗೇಲಿಕ್ ಭಾಷೆಯಲ್ಲಿ ಹಾಗೆಂದರೆ ದನಗಳ ಕಣಿವೆದಾರಿ. ಹಿಂದೆ ದನ ಹೊಡೆದುಕೊಂಡು ಹೋಗುತ್ತಿದ್ದ ಜಾಡಂತೆ. ಎತ್ತರ 626 ಮೀಟರ್. ನಮ್ಮ ಆಗುಂಬೆಯ ತಿರುವುಗಳನ್ನು ನೆನಪಿಸುವ ರಸ್ತೆ, ಆದರೆ ಒಂದೇ ವಾಹನಕ್ಕೆ ಸಾಕಾಗುವಷ್ಟು ಅಗಲ; ಎದುರಿನವರಿಗೆ ದಾರಿ ಬಿಡಲು ಅಲ್ಲಲ್ಲಿ ಒಂದಿಷ್ಟು ಜಾಗ. ಕಲಿಕೆಯ ಚಾಲಕರಿಗೆ ತಕ್ಕುದಲ್ಲ ಎಂದು ಬುಡದಲ್ಲೇ ಫಲಕ ಹಾಕಿದ್ದಾರೆ. ಊರಿನಲ್ಲಿ ಸಂಜೆ ಏಳರ ಮೇಲೆ ಸ್ಕೂಟರ್ ಕೀ ಕೊಡದಿದ್ದ ಅಪ್ಪ ಪಕ್ಕದ ಸೀಟಿನಲ್ಲಿ ಮೇಲಿನ ಹಿಡಿ ಗಟ್ಟಿಯಾಗಿ ಹಿಡಿದು ಕೂತಿದ್ದರು. ಮಗಳು ಗೇರ್ ಇಳಿಸಿ, ಎದುರು ಬಂದವರಿಗೆ ಕೈ ಎತ್ತಿ, ಒಂದೊಂದೇ ತಿರುವು ದಾಟಿಸಿದಳು.

ಇಳಿದಾಗ ಸಂಜೆ ಏಳು ದಾಟಿತ್ತು. ಮುಳ್ಳು ಕಾಲು ಭಾಗಕ್ಕೆ ಬಂದಿತ್ತು. ಹಳ್ಳಿಯ ಬಂಕಿನಲ್ಲಿ ನರಪಿಳ್ಳೆ ಇಲ್ಲ. ಪಂಪು, ಕಾರ್ಡಿನ ಯಂತ್ರ, ಅಷ್ಟೇ. ನಮ್ಮವರು ಆಚೀಚೆ ನೋಡಿ, ‘ಯಾರನ್ನ ಕೇಳೋದು?’ ಎಂದರು. ‘ಯಾರನ್ನೂ ಕೇಳೋದು ಬೇಡಪ್ಪ. ಇದು ಊರವರದ್ದೇ ಬಂಕು, ಹಗಲೂ ರಾತ್ರಿ ತೆಗೆದಿರುತ್ತೆ’ ಎಂದಳು ಮಗಳು.

ಅದು ನಿಜ. ಆ ಪಂಪನ್ನು ನಡೆಸುವುದು ಯಾವ ದೊಡ್ಡ ತೈಲ ಕಂಪನಿಯೂ ಅಲ್ಲ, ಹಳ್ಳಿಗರೇ ಕೂಡಿ ಕಟ್ಟಿಕೊಂಡ ಸಮುದಾಯ ಸಂಸ್ಥೆ. ಕಡಲಂಚಿನ ಇನ್ನೊಂದು ರಸ್ತೆ ಬಂದದ್ದು 1970ರ ದಶಕದಲ್ಲಿ. ಅಲ್ಲಿಯವರೆಗೆ ಆ ಘಾಟಿಯೊಂದೇ ಗತಿ. ಚಳಿಗಾಲದಲ್ಲಿ ಹಿಮ ಬಿದ್ದು ಅದು ಆಗಾಗ ಮುಚ್ಚುತ್ತದೆ. ಇಂಥ ಕಡೆ ಬಂಕಿಲ್ಲದಿದ್ದರೆ ಪೆಟ್ರೋಲಿಗಾಗಿಯೇ ಪೆಟ್ರೋಲ್ ಸುಡುತ್ತ ದೂರದ ಊರಿಗೆ ಹೋಗಬೇಕು. ಮಾರಾಟ ಕಡಿಮೆ, ಸಾಗಣೆ ವೆಚ್ಚ ಹೆಚ್ಚು. ಅದಕ್ಕೇ ಬ್ರಿಟಿಷ್ ಸರ್ಕಾರ 2012ರಿಂದ ದ್ವೀಪಗಳಲ್ಲಿ, 2015ರಿಂದ ಒಳನಾಡಿನ ಕೆಲವು ದುರ್ಗಮ ಪ್ರದೇಶಗಳಲ್ಲಿ ಲೀಟರಿಗೆ 5 ಪೆನ್ಸ್ ತೆರಿಗೆ ರಿಯಾಯಿತಿ ಕೊಟ್ಟಿದೆ. ‘ನೀವೇ ತುಂಬಿಸಿಕೊಳ್ಳಿ’ ಎಂಬುದನ್ನು ಆಪಲ್‌ಕ್ರಾಸಿನವರು ಇಡೀ ಊರಿನ ಮಟ್ಟಿಗೆ ಮಾಡಿ ತೋರಿಸಿದ್ದಾರೆ.

ಮಗಳು ಕಾರ್ಡ್ ಹಾಕಿ ನಾಜಲ್ ಎತ್ತಿದಳು. ಆಗ ನಮ್ಮವರು ಕಾರಿನಿಂದ ಇಳಿದು, ‘ಕೊಡೇ ಇಲ್ಲಿ, ನಾನೂ ಒಂದ್ಸಲ ತುಂಬಿಸ್ತೀನಿ’ ಎಂದರು. ‘ಬೆರಳು ಇಲ್ಲಿಡಪ್ಪ. ನಿಧಾನಕ್ಕೆ ಒತ್ತು. ಬಿಡಬೇಡ.’ ಸೈಕಲ್ ಕಲಿಸುವಾಗ ಅಪ್ಪ ಅವಳಿಗೆ ಹೇಳಿದ್ದ ಮಾತಿನ ಧಾಟಿಯೇ! ಅರವತ್ತಮೂರರ ಮನುಷ್ಯ ಮೀಟರ್ ನೋಡದೆ ನಾಜಲ್ಲನ್ನೇ ನೋಡುತ್ತ ನಿಂತದ್ದನ್ನು ನಾನು ಕಣ್ಣು ತುಂಬ ನೋಡಿದೆ. ‘ಟಕ್’ ಎಂದಾಗ ಬೆಚ್ಚಿ, ಆಮೇಲೆ ನಕ್ಕರು. ಆ ರಾತ್ರಿ ತಂಗಿದ ಕಡೆ ಅವರು ನನಗೆ ಹೇಳಿದ್ದು ಇಷ್ಟೇ: ‘ಇನ್ನು ನಾವು ಅಷ್ಟು ಹೆದರಬೇಕಾಗಿಲ್ಲ ಕಣೇ.’

ಹಾಗಾದರೆ ನಮ್ಮ ಬಂಕುಗಳೂ ಹಾಗೇ ಆಗಬೇಕೇ? ಅಷ್ಟು ಸುಲಭವಾಗಿ ಹೌದೆನ್ನಲಾರೆ. ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ 1949ರಿಂದ ಇಂದಿಗೂ ಗ್ರಾಹಕರು ತಾವೇ ಪೆಟ್ರೋಲ್ ತುಂಬಿಸಿಕೊಳ್ಳುವಂತಿಲ್ಲ. 1951ರಿಂದ ಅಂಥದೇ ಕಾನೂನಿದ್ದ ಆರೆಗನ್ ರಾಜ್ಯ 2023ರಲ್ಲಿ ಅದನ್ನು ಸಡಿಲಿಸಿತು. ಬೆಂಕಿಯ ಭಯ, ಮುದುಕರ ಅನುಕೂಲ, ಕೆಲಸ ಉಳಿಯಬೇಕೆಂಬ ಕಾಳಜಿ ಎಲ್ಲವೂ ಆ ಚರ್ಚೆಯಲ್ಲಿವೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಿವಮೊಗ್ಗದ ಬಂಕೊಂದರಲ್ಲಿ ರಾತ್ರಿ ಪಾಳಿ ಮಾಡಿ ಬಿ.ಎಸ್ಸಿ. ಮುಗಿಸಿದ. ‘ಬೈಕಿನ ಟ್ಯಾಂಕು ತುಂಬ್ತಾ ಬಂದಾಗ ಸದ್ದು ಸಣ್ಣಗಾಗುತ್ತೆ ಮೇಡಂ. ನೀವು ಪ್ರಯೋಗ ಮಾಡಿಸಿದ್ರಲ್ಲ, ಗಾಳಿ ಕಂಬ ಗಿಡ್ಡ ಆದಷ್ಟೂ ಸ್ವರ ಏರುತ್ತೆ ಅಂತ, ಅದೇ’ ಎಂದು ಒಮ್ಮೆ ಹೇಳಿದ್ದ. ಪ್ರಯೋಗಾಲಯದಲ್ಲಿ ನಾನು ಕಲಿಸಿದ ಅನುನಾದವನ್ನು ಅವನು ಪೆಟ್ರೋಲಿನ ವಾಸನೆಯ ನಡುವೆ ಕಿವಿಯಿಂದ ಕಲಿತಿದ್ದ. ಆ ಪಾಳಿಯೇ ಅವನ ಫೀಸು.

ಮಕ್ಕಳ ಕೈಗೆ ಕೆಲಸ ಕೊಡಿ, ಪರೀಕ್ಷಿಸುವ ಮೊದಲೇ ಕೊಂಚ ನಂಬಿ ಕೊಡಿ ಎಂದು ತಂದೆತಾಯಂದಿರಿಗೆ ಹೇಳಬೇಕೆನಿಸುತ್ತದೆ. ಮಕ್ಕಳಿಗೆ ಹೇಳುವುದು ಇನ್ನೊಂದು: ದೂರದೇಶದ ಮಳೆಯಲ್ಲಿ ನೀವೇ ನಾಜಲ್ ಹಿಡಿದು ನಿಲ್ಲುವ ದಿನ ಬಂದೀತು, ಅದನ್ನು ಕಲಿತಿರಿ. ಅಲ್ಲಿಯವರೆಗೆ ನಮ್ಮ ಬಂಕಿನಲ್ಲಿ ‘ಜೀರೋ ನೋಡ್ಕೊಳಿ’ ಎಂಬ ದನಿ ಕೇಳಿದಾಗ ಮೀಟರನ್ನು ನೋಡಿ. ಹಾಗೆಯೇ ಹೇಳಿದವರ ಮುಖವನ್ನೂ ಒಮ್ಮೆ ನೋಡಿ. ನಿಮ್ಮ ಕಾಲೇಜಿನವರೇ ಇರಬಹುದು.