‘ನಾನು’ ಎಂಬುದರ ಕಥೆ

‘ನಾನು’ ಎಂಬುದು ಎರಡೇ ಅಕ್ಷರಗಳ ಮಾತು. ಮಗುವು ಅದನ್ನು ಕಲಿಯುವುದಕ್ಕೆ ಯಾವ ಗುರುವೂ ಬೇಕಾಗಿಲ್ಲ. ಆದರೆ ಅದರ ಅರ್ಥವೇನೆಂದು ಕೇಳಿದರೆ ಪಂಡಿತರೂ ತಡವರಿಸುತ್ತಾರೆ. ‘ಮರ’ ಎಂದರೆ ಮರವನ್ನು ತೋರಿಸಬಹುದು. ‘ನದಿ’ ಎಂದರೆ ನದಿಯ ದಡಕ್ಕೆ ಕರೆದೊಯ್ಯಬಹುದು. ‘ನಾನು’ ಎಂದರೆ ಯಾವುದನ್ನು ತೋರಿಸುವುದು? ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತೇವೆ. ಆದರೆ ಆ ಎದೆಯು ‘ನನ್ನದು’. ಆ ಕೈಯೂ ‘ನನ್ನದು’. ಇವೆಲ್ಲವನ್ನೂ ‘ನನ್ನದು’ ಎಂದು ಹೇಳಿಕೊಳ್ಳುವ ಆ ‘ನಾನು’ ಎಲ್ಲಿ ಅಡಗಿದ್ದಾನೆ? ಬೇರೆ ಬೇರೆ ಕಾಲದ ಜನರು ಈ ಒಗಟನ್ನು ಬೇರೆ ಬೇರೆ ರೀತಿಯಲ್ಲಿ ಬಿಡಿಸಿದ್ದಾರೆ. ನಮ್ಮ ಶಾಲೆಯ ಕಿರಿಯ ಮಿತ್ರರಿಗೆ ಆ ಕಥೆಯನ್ನು ಸಂಗ್ರಹವಾಗಿ ಹೇಳಬೇಕೆಂಬುದು ಈ ಲೇಖನದ ಉದ್ದೇಶ.

ಈ ವಿಷಯದಲ್ಲಿ ನನಗೆ ಕುತೂಹಲ ಹುಟ್ಟಿದುದು ಪುಸ್ತಕಗಳಿಂದಲ್ಲ, ಪರಸ್ಥಳದ ವಾಸದಿಂದ. ನಾನೀಗ ಇರುವುದು ದೆಹಲಿಯ ಮಗ್ಗುಲಿನ ಇಂದಿರಾಪುರಂನಲ್ಲಿ. ಇದು ಉತ್ತರಪ್ರದೇಶದ ಗಾಜಿಯಾಬಾದಿಗೆ ಸೇರಿದ್ದು. ಹಿಂಡನ್ ನದಿ ದೂರವಿಲ್ಲ. ವೈಶಾಲಿಯ ಮೆಟ್ರೋ ನಿಲ್ದಾಣವೂ ಹತ್ತಿರವೇ. ಎಲ್ಲೆಲ್ಲಿ ನೋಡಿದರೂ ಆಕಾಶವನ್ನು ಮುಟ್ಟುವಂತಹ ವಸತಿ ಸಮುಚ್ಚಯಗಳು. ಒಂದೊಂದರಲ್ಲಿಯೂ ಒಂದೊಂದು ಹಳ್ಳಿಗಾಗುವಷ್ಟು ಜನ. ಇಲ್ಲಿಗೆ ಬಂದ ಹೊಸತರಲ್ಲಿ ನನ್ನ ಹೆಸರಿಗೆ ಒಂದು ವಿಚಿತ್ರ ಗತಿ ಒದಗಿತು. ನಮ್ಮ ಕಡೆಯ ಪದ್ಧತಿಯಂತೆ ನನ್ನ ಹೆಸರಿಗೆ ಮೊದಲು ಎರಡು ಇನಿಷಿಯಲ್ಲುಗಳಿವೆ. ಒಂದು ಊರಿನದು, ಮತ್ತೊಂದು ತಂದೆಯದು. ಯಾವುದೋ ಒಂದು ಕಚೇರಿಯಲ್ಲಿ ಅವನ್ನು ಬಿಡಿಸಿ ಬರೆಯಿಸಿಕೊಂಡರು. ಮೊದಲು ಬಂದುದು ಹೆಸರು, ಕೊನೆಗೆ ಬಂದುದು ಮನೆತನ ಎಂಬುದು ಅವರ ನಿಯಮ. ಅಂದಿನಿಂದ ನನ್ನ ಊರೇ ನಾನಾದೆ. ನನ್ನ ಹೆಸರು ಒಂದು ವಂಶದ ಹೆಸರಾಯಿತು. ಎಂದೂ ರೈಲು ಹತ್ತದ ನನ್ನ ಹಳ್ಳಿಯು ಇಂದು ಇಂದಿರಾಪುರಂನಲ್ಲಿ ತಿಂಗಳು ತಿಂಗಳೂ ವಿದ್ಯುತ್ತಿನ ಬಿಲ್ಲನ್ನು ಕಟ್ಟುತ್ತಿದೆ!

ನೆರೆಹೊರೆಯವರ ಮಾತು ಇನ್ನೊಂದು ಸೋಜಿಗ. ಬಿಹಾರ ಮತ್ತು ಪೂರ್ವ ಉತ್ತರಪ್ರದೇಶಗಳಿಂದ ಬಂದವರಲ್ಲಿ ಅನೇಕರು ‘ನಾನು’ ಎನ್ನಬೇಕಾದಲ್ಲಿ ‘ಹಮ್’ ಎನ್ನುತ್ತಾರೆ, ಎಂದರೆ ‘ನಾವು’. ‘ನಾವು ನಾಳೆ ಬರುತ್ತೇವೆ’ ಎಂದವರು ಒಬ್ಬರೇ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಇದನ್ನು ಕೇಳಿ ನಗುವ ಮೊದಲು ನಮ್ಮ ಮಾತನ್ನೇ ಗಮನಿಸೋಣ. ಒಬ್ಬನೇ ಮಗನಾದವನು ಸಹ ‘ನಮ್ಮ ತಂದೆ’ ಎನ್ನುವನೇ ಹೊರತು ‘ನನ್ನ ತಂದೆ’ ಎನ್ನುವುದು ಅಪರೂಪ. ‘ನಮ್ಮ ಮನೆ’, ‘ನಮ್ಮ ಊರು’ ಎಂಬುದೇ ನಮಗೆ ಸಹಜ. ತುಳುವಿನಲ್ಲಿ ಇನ್ನೂ ಸೂಕ್ಷ್ಮವಾದ ಭೇದವುಂಟು. ಕೇಳುವವನನ್ನೂ ಕೂಡಿಸಿಕೊಂಡ ‘ನಾವು’ ಅಲ್ಲಿ ‘ನಮ’. ಅವನನ್ನು ಬಿಟ್ಟ ‘ನಾವು’ ‘ಎಂಕುಳು’. ‘ನಾನು’ ಎಲ್ಲಿ ಮುಗಿಯುತ್ತದೆ, ‘ನಾವು’ ಎಲ್ಲಿ ಆರಂಭವಾಗುತ್ತದೆ ಎಂಬ ಗೆರೆಯನ್ನು ಎಲ್ಲ ಜನರೂ ಒಂದೇ ಕಡೆಯಲ್ಲಿ ಎಳೆದಿಲ್ಲವೆಂಬುದು ಇದರಿಂದಲೇ ತಿಳಿಯುತ್ತದೆ.

ಇನ್ನು ಇತಿಹಾಸದ ಕಡೆಗೆ ತಿರುಗೋಣ. ಛಾಂದೋಗ್ಯೋಪನಿಷತ್ತಿನಲ್ಲಿ ಉದ್ದಾಲಕನು ಮಗನಾದ ಶ್ವೇತಕೇತುವಿನಿಂದ ನೀರಿನಲ್ಲಿ ಉಪ್ಪನ್ನು ಹಾಕಿಸುತ್ತಾನೆ. ಮರುದಿನ ಉಪ್ಪು ಕಣ್ಣಿಗೆ ಕಾಣುವುದಿಲ್ಲ. ಆದರೆ ಯಾವ ಕಡೆಯಿಂದ ನೀರನ್ನು ಕುಡಿದರೂ ಉಪ್ಪಿನ ರುಚಿಯಿರುತ್ತದೆ. ಆತ್ಮವು ಹೀಗೆ ಕಾಣದೆ ಎಲ್ಲೆಡೆಯಲ್ಲಿಯೂ ಇರುವುದೆಂಬುದು ತಂದೆಯ ಬೋಧೆ. ಬುದ್ಧನಾದರೋ ಹುಡುಕಿದರೆ ಅಂತಹ ನಿತ್ಯವಾದ ಆತ್ಮವು ಸಿಕ್ಕುವುದಿಲ್ಲವೆಂದನು. ಕ್ರಿಸ್ತಪೂರ್ವ 2ನೆಯ ಶತಮಾನದ ಗ್ರೀಕ್ ದೊರೆ ಮಿಲಿಂದನಿಗೆ ನಾಗಸೇನ ಭಿಕ್ಷುವು ರಥದ ದೃಷ್ಟಾಂತವನ್ನು ಹೇಳಿದನೆಂದು ಬೌದ್ಧ ಗ್ರಂಥವೊಂದು ತಿಳಿಸುತ್ತದೆ. ಗಾಲಿಯು ರಥವಲ್ಲ, ಅಚ್ಚು ರಥವಲ್ಲ, ನೊಗವೂ ರಥವಲ್ಲ. ಎಲ್ಲವೂ ಕೂಡಿದಾಗ ನಾವು ಇಡುವ ಹೆಸರು ರಥ. ‘ನಾನು’ ಎಂಬುದೂ ಅಂಥದೇ ಹೆಸರು.

ಈ ವಾದದ ಮುಂದಿನ ಅಧ್ಯಾಯಗಳು ನಮ್ಮ ನಾಡಿನ ನೆಲದಲ್ಲಿಯೇ ನಡೆದುವು. ಶಂಕರರ ಪರಂಪರೆಯು ತುಂಗೆಯ ದಡದ ಶೃಂಗೇರಿಯಲ್ಲಿ ಬೆಳೆಯಿತು. ಅದರ ಪ್ರಕಾರ ಜೀವವೂ ಬ್ರಹ್ಮವೂ ಬೇರೆಯಲ್ಲ. ಮೇಲುಕೋಟೆಯಲ್ಲಿ ನೆಲಸಿದ್ದ ರಾಮಾನುಜರು ಜೀವವು ಸತ್ಯವೇ, ಆದರೆ ಅದು ಭಗವಂತನಿಗೆ ಶರೀರದಂತೆ ಎಂದರು. 13ನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು, ಜೀವನು ಎಂದೆಂದಿಗೂ ದೇವರಿಂದ ಬೇರೆ, ಒಬ್ಬ ಜೀವನು ಇನ್ನೊಬ್ಬ ಜೀವನಿಂದಲೂ ಬೇರೆ ಎಂದು ಸಾಧಿಸಿದರು. ಮೂರು ಊರುಗಳು, ಮೂರು ‘ನಾನು’ಗಳು.

ಪಂಡಿತರ ಈ ಚರ್ಚೆಯನ್ನು ಬೀದಿಗೆ ತಂದವರು 12ನೆಯ ಶತಮಾನದ ಶರಣರು. ಬಸವಣ್ಣನವರು ತಮ್ಮ ವಚನಗಳ ಕೊನೆಗೆ ಕೂಡಲಸಂಗಮದೇವನ ಹೆಸರನ್ನೂ, ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನ ಹೆಸರನ್ನೂ ಅಂಕಿತವಾಗಿ ಇಟ್ಟರು. ಬರೆದವರು ತಮ್ಮ ಹೆಸರನ್ನು ಹಿಂದಕ್ಕೆ ಸರಿಸಿ ಇಷ್ಟದೈವದ ಹೆಸರಿನಲ್ಲಿ ಸಹಿ ಹಾಕಿದರು. ಆದರೆ ದೋಣಿ ನಡೆಸುವ ಕಾಯಕದ ಚೌಡಯ್ಯನು ಮಾತ್ರ ‘ಅಂಬಿಗರ ಚೌಡಯ್ಯ’ ಎಂದು ತನ್ನ ಹೆಸರನ್ನೇ ಅಂಕಿತವಾಗಿಟ್ಟನು. ಇದನ್ನು ಅಹಂಕಾರವೆಂದು ಎಣಿಸಲು ನನ್ನ ಮನಸ್ಸು ಒಪ್ಪದು. ಹುಟ್ಟನ್ನು ನೋಡಿ ಮನುಷ್ಯನ ಬೆಲೆ ಕಟ್ಟುತ್ತಿದ್ದ ಕಾಲದಲ್ಲಿ ಒಬ್ಬ ಅಂಬಿಗನು ತನ್ನ ಕಾಯಕವನ್ನೂ ತನ್ನ ಹೆಸರನ್ನೂ ನಾಚದೆ ಎತ್ತಿ ಹೇಳಿದುದು ಸಾಮಾನ್ಯವಾದ ಧೈರ್ಯವಲ್ಲ. ಕೆಲವರಿಗೆ ‘ನಾನು’ ಎಂಬುದನ್ನು ಬಿಡುವುದು ಸಾಧನೆ; ‘ನೀನು ಯಾರೂ ಅಲ್ಲ’ ಎಂದು ಕೇಳಿ ಕೇಳಿ ಬೆಳೆದವರಿಗೆ ‘ನಾನು’ ಎನ್ನುವುದೇ ಸಾಧನೆ. ಕನಕದಾಸರ ಐತಿಹ್ಯವು ಈ ಎರಡನ್ನೂ ಒಂದುಗೂಡಿಸುತ್ತದೆ. ಮೋಕ್ಷಕ್ಕೆ ಹೋಗುವವರು ಯಾರೆಂದು ವ್ಯಾಸರಾಯರು ಕೇಳಿದಾಗ, ‘ನಾನು’ ಎಂಬುದು ಹೋದರೆ ತಾವು ಹೋಗಬಹುದೆಂದು ಕನಕದಾಸರು ಉತ್ತರಿಸಿದರಂತೆ. ಕೀಳೆಂದು ಕಂಡವರ ನಡುವೆ ಎದ್ದು ನಿಂತು ಹೇಳಿದ ಮಾತಾದುದರಿಂದ ಅದರಲ್ಲಿ ವಿನಯವೂ ಉಂಟು, ಸ್ವಾಭಿಮಾನವೂ ಉಂಟು.

ಪಶ್ಚಿಮ ದೇಶಗಳಲ್ಲಿ ಈ ಪ್ರಶ್ನೆಯು ಬೇರೊಂದು ದಾರಿಯನ್ನು ಹಿಡಿಯಿತು. ಫ್ರಾನ್ಸಿನ ಡೆಕಾರ್ಟನು 1637ರಲ್ಲಿ, ಎಲ್ಲವನ್ನೂ ಸಂಶಯಿಸಿದರೂ ಸಂಶಯಿಸುವ ‘ನಾನು’ ಇದ್ದೇ ಇರಬೇಕೆಂದು ವಾದಿಸಿದನು. ಇಂಗ್ಲೆಂಡಿನ ಲಾಕನು, ನೆನಪಿನ ಎಳೆಯೇ ನಿನ್ನೆಯ ನನ್ನನ್ನೂ ಇಂದಿನ ನನ್ನನ್ನೂ ಒಬ್ಬನನ್ನಾಗಿ ಮಾಡುವುದೆಂದನು. ರಾಜಕುಮಾರನ ನೆನಪುಗಳೆಲ್ಲವೂ ಚಮ್ಮಾರನ ದೇಹಕ್ಕೆ ಬಂದು ಸೇರಿದರೆ ಆ ವ್ಯಕ್ತಿ ರಾಜಕುಮಾರನೇ ಎಂಬುದು ಅವನ ದೃಷ್ಟಾಂತ. ಸ್ಕಾಟ್ಲೆಂಡಿನ ಹ್ಯೂಮನು 1739ರಲ್ಲಿ, ತನ್ನೊಳಗೆ ಇಣುಕಿ ನೋಡಿದಾಗ ಬಿಸಿ, ತಂಪು, ನೋವು, ನಲಿವುಗಳು ಸಿಕ್ಕುವುವೇ ಹೊರತು ಅವುಗಳ ಹಿಂದೆ ‘ನಾನು’ ಸಿಕ್ಕುವುದಿಲ್ಲವೆಂದು ಬರೆದನು. ನಾಗಸೇನನ ರಥವು ಎರಡು ಸಾವಿರ ವರ್ಷಗಳ ಬಳಿಕ ಯೂರೋಪನ್ನು ಮುಟ್ಟಿತೋ ಎಂಬಂತಿದೆ ಈ ಮಾತು!

1879ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ವುಂಟನು ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ತೆರೆದನು. ಮನಸ್ಸು ಪ್ರಯೋಗಕ್ಕೂ ಅಳತೆಗೂ ಒಳಗಾಯಿತು. ಅಮೆರಿಕದ ವಿಲಿಯಂ ಜೇಮ್ಸನು 1890ರ ತನ್ನ ಗ್ರಂಥದಲ್ಲಿ, ಒಬ್ಬ ಮನುಷ್ಯನನ್ನು ಎಷ್ಟು ಮಂದಿ ಬಲ್ಲರೋ ಅಷ್ಟು ಸಾಮಾಜಿಕ ‘ನಾನು’ಗಳು ಅವನಿಗೆ ಇರುತ್ತವೆಂದು ಹೇಳಿದನು. ತಾಯಿಯ ಮುಂದೆ ಇರುವ ನೀವು, ಉಪಾಧ್ಯಾಯರ ಮುಂದೆ ಇರುವ ನೀವು, ಆಟದ ಬಯಲಿನಲ್ಲಿ ಇರುವ ನೀವು ಒಬ್ಬರೇನು? ವಿಯೆನ್ನಾದ ಫ್ರಾಯ್ಡನು ಇನ್ನೂ ಮುಂದೆ ಹೋಗಿ, ಮನೆಯ ಯಜಮಾನನೆಂದು ಬೀಗುವ ‘ನಾನು’ವಿಗೆ ತನ್ನ ಮನೆಯ ನೆಲಮಾಳಿಗೆಯೇ ತಿಳಿಯದೆಂದು ತೋರಿಸಲು ಹೊರಟನು. ನಮ್ಮಲ್ಲಿಯೂ ಈ ಶಾಸ್ತ್ರವು ತಡವಾಗಿ ಬರಲಿಲ್ಲ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿಯವರು. 1935ರಲ್ಲಿ ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರವನ್ನು ಆರಂಭಿಸಿದವರೂ ಅವರೇ. ಅದು ‘ಆಕಾಶವಾಣಿ’ ಎಂದು ಹೆಸರಾಯಿತು.

ಮಕ್ಕಳ ಮೇಲೆ ನಡೆದ ಒಂದು ಪ್ರಯೋಗವು ಸ್ವಾರಸ್ಯವಾಗಿದೆ. ಮಗುವಿನ ಮೂಗಿಗೆ ಅದಕ್ಕೆ ತಿಳಿಯದಂತೆ ಕೆಂಪು ಬಣ್ಣವನ್ನು ಹಚ್ಚಿ ಕನ್ನಡಿಯ ಮುಂದೆ ಬಿಡುತ್ತಾರೆ. ತೀರ ಎಳೆಯ ಮಗುವು ಕನ್ನಡಿಯೊಳಗಿನ ಮಗುವಿನೊಡನೆ ಆಡುತ್ತದೆ. ಒಂದೂವರೆಯಿಂದ ಎರಡು ವರ್ಷದ ವೇಳೆಗೆ ಬಹುಪಾಲು ಮಕ್ಕಳು ತಮ್ಮ ಮೂಗನ್ನೇ ಮುಟ್ಟಿಕೊಳ್ಳುತ್ತವೆ. 1972ರಲ್ಲಿ ಪ್ರಕಟವಾದ ಈ ಪರೀಕ್ಷೆಯಿಂದ, ತನ್ನನ್ನು ತಾನು ಗುರುತಿಸುವ ಶಕ್ತಿಯೂ ಬೆಳೆದು ಬರತಕ್ಕದ್ದೆಂದು ತಿಳಿಯುತ್ತದೆ. ಲಾಕನು ನಂಬಿದ ನೆನಪಾದರೂ ಗಟ್ಟಿಯಾದ ಎಳೆಯಲ್ಲ. ನೆನೆಯುವುದೆಂದರೆ ಇಟ್ಟುದನ್ನು ಹೊರತೆಗೆಯುವುದಲ್ಲ, ಪ್ರತಿಸಲವೂ ಹೊಸದಾಗಿ ಕಟ್ಟುವುದೆಂದು ಇಂಗ್ಲೆಂಡಿನ ಬಾರ್ಟ್‌ಲೆಟ್ಟನು 1932ರಲ್ಲಿಯೇ ತೋರಿಸಿದ್ದನು.

ಹದಿಹರೆಯದವರ ‘ನಾನು’ವನ್ನು ಕುರಿತು ಬಹುವಾಗಿ ಚಿಂತಿಸಿದವನು ಎರಿಕ್ ಎರಿಕ್‌ಸನ್. ಆ ವಯಸ್ಸಿನ ಮುಖ್ಯವಾದ ಕೆಲಸವೆಂದರೆ ‘ನಾನು ಯಾರು’ ಎಂಬುದನ್ನು ಕಂಡುಕೊಳ್ಳುವುದೆಂದೂ, ಆಗಿನ ತಳಮಳವು ರೋಗವಲ್ಲವೆಂದೂ ಅವನು ಬರೆದನು. ಅವನಿಗೆ ತನ್ನ ಹೆತ್ತ ತಂದೆ ಯಾರೆಂದು ತಿಳಿದಿರಲಿಲ್ಲ. ಮಲತಂದೆಯ ಹೆಸರಿನಲ್ಲಿ ಬೆಳೆದು, 1939ರಲ್ಲಿ ಅಮೆರಿಕದ ಪ್ರಜೆಯಾದಾಗ ಎರಿಕ್‌ಸನ್ ಎಂಬ ಹೆಸರನ್ನು ತಾನೇ ಇಟ್ಟುಕೊಂಡನು. ಎಂದರೆ ‘ಎರಿಕ್‌ನ ಮಗ’!

ಈ ವಿಚಾರಗಳು ನನಗೆ ಬರಿಯ ಪಾಂಡಿತ್ಯವಾಗಿ ಉಳಿಯಲಿಲ್ಲ. ಎಂಟನೆಯ ತರಗತಿಯಲ್ಲಿ ಓದುವ ನನ್ನ ಮಗಳು ಗೆಳತಿಯರೊಡನೆ ಹಿಂದಿಯಲ್ಲಿ ಆಡುತ್ತಾಳೆ, ಗಣಿತವನ್ನು ಇಂಗ್ಲಿಷಿನಲ್ಲಿ ಮಾಡುತ್ತಾಳೆ, ಊರಿನ ಅಜ್ಜಿಯೊಡನೆ ದೂರವಾಣಿಯಲ್ಲಿ ಕನ್ನಡದಲ್ಲಿ ಜಗಳವಾಡುತ್ತಾಳೆ. “ಅಪ್ಪಾ, ಇಲ್ಲಿಯವರು ನನ್ನನ್ನು ಮದ್ರಾಸಿನವಳು ಎನ್ನುತ್ತಾರೆ, ಊರಿಗೆ ಹೋದರೆ ದಿಲ್ಲಿಯವಳು ಎನ್ನುತ್ತಾರೆ. ನಾನು ಎಲ್ಲಿಯವಳು?” ಎಂದು ಒಂದು ದಿನ ಕೇಳಿದಳು. ಜೇಮ್ಸನ ಮಾತನ್ನು ಹೇಳಿದೆನು. ಅವಳಿಗೆ ತೃಪ್ತಿಯಾಗಲಿಲ್ಲ. “ಹಾಗಾದರೆ ಅಷ್ಟು ಜನರಲ್ಲಿ ನಿಜವಾದವಳು ಯಾರು?” ಎಂದಳು. ಅವಳ ದನಿಯಲ್ಲಿ ನೋವಿತ್ತು. ಪುಸ್ತಕದ ಉತ್ತರವು ಅಲ್ಲಿ ಸಾಲದಾಯಿತು.

ಆಗ ನನಗೆ ನೆನಪಾದುದು ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ನರು 1989ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ. ಅವರ ತಂದೆ ಗಣಿತ ಮತ್ತು ಖಗೋಳಗಳನ್ನು ಬಲ್ಲ ವಿಜ್ಞಾನಿ, ಜ್ಯೋತಿಷ್ಯವನ್ನೂ ನಂಬಿದವರು. ಇವೆರಡೂ ಹೇಗೆ ಕೂಡುವುವೆಂದು ಮಗನು ಕೇಳಿದರೆ, ಮಿದುಳಿಗೆ ಎರಡು ಭಾಗಗಳಿವೆಯಲ್ಲವೆ ಎಂದರಂತೆ. ಇಡಿಯ ಬಾಳನ್ನು ಒಂದೇ ನಿಯಮಕ್ಕೆ ಕಟ್ಟಿಹಾಕದೆ ಸಂದರ್ಭವನ್ನು ನೋಡಿ ನಡೆಯುವುದು ನಮ್ಮ ಜನರ ಒಂದು ರೀತಿಯೆಂದು ರಾಮಾನುಜನ್ನರು ವಿವೇಚಿಸಿದರು. ‘ನಾನು’ವನ್ನು ಒಂಟಿಯಾಗಿ ಕಾಣುವ ಸಮಾಜಗಳೂ ಸಂಬಂಧಗಳಲ್ಲಿ ಕಾಣುವ ಸಮಾಜಗಳೂ ಉಂಟೆಂದು ಮಾರ್ಕಸ್ ಮತ್ತು ಕಿಟಾಯಾಮಾ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ ವಾದಿಸಿದರು. ಹಲವಾಗಿರುವುದು ಸುಳ್ಳಾಗಿರುವುದಲ್ಲ ಎಂಬುದಕ್ಕೆ ಇಲ್ಲಿ ಆಧಾರವಿದೆ. ಮಗಳಿಗೆ ನಾನು ಅಂಬಿಗರ ಚೌಡಯ್ಯನ ವಿಷಯವನ್ನು ಹೇಳಿದೆನು. ಎರಡೂ ದಡಗಳಿಗೆ ದಿನವೂ ಹೋಗಿಬರುವ ಅಂಬಿಗನನ್ನು ‘ನೀನು ಯಾವ ದಡದವನು’ ಎಂದು ಕೇಳಿ ಫಲವೇನು? ಅವನು ನದಿಯನ್ನು ಬಲ್ಲವನು; ಜನರನ್ನು ದಾಟಿಸಬಲ್ಲವನು. ಅವನ ‘ನಾನು’ ಅದೇ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ಹಳ್ಳಿಯಿಂದ ಈ ನಗರಕ್ಕೆ ಬಂದವರು. ಕೆಲವರು ಮನೆಯಲ್ಲಿ ಬೇರೆ ಭಾಷೆಯನ್ನು ಆಡುವವರು. ‘ಕನ್ನಡ ಶಾಲೆಯವರು ಇಷ್ಟೇ’ ಎಂದು ಯಾರೋ ಆಡಿದ ಮಾತು ಕೆಲವರ ಎದೆಯಲ್ಲಿ ಚುಚ್ಚಿಕೊಂಡಿರಬಹುದು. ‘ನನಗೆ ಗಣಿತ ಬಾರದು’, ‘ನಾನು ಹೆದರುಪುಕ್ಕಲ’ ಎಂದು ನೀವೇ ನಿಮ್ಮ ಮೇಲೆ ಬರೆದುಕೊಂಡಿರಲೂಬಹುದು. ಉಪನಿಷತ್ತಿನಿಂದ ಇಂದಿನ ಪ್ರಯೋಗಶಾಲೆಯವರೆಗೆ ಜ್ಞಾನಿಗಳು ಒಮ್ಮತಕ್ಕೆ ಬಂದಿಲ್ಲ. ಆದರೆ ಹೊರಗಿನವರು ಅಂಟಿಸಿದ ಹೆಸರೇ ನಾವು ಎಂದು ಇವರಲ್ಲಿ ಯಾರೂ ಹೇಳಲಿಲ್ಲ. ‘ವ್ಯಕ್ತಿ’ ಎಂಬ ಮಾತಿಗೆ ಮೂಲದಲ್ಲಿ ಪ್ರಕಟವಾದುದು ಎಂಬ ಅರ್ಥವಿದೆ. ನೀವು ಇನ್ನೂ ಪ್ರಕಟವಾಗುತ್ತಿರುವವರು. ಯಾರಾದರೂ ನಿಮ್ಮನ್ನು ಕುರಿತು ಕೊನೆಯ ಮಾತನ್ನು ಹೇಳಲು ಬಂದರೆ, ಅಂಕಿತವನ್ನು ಇಡುವ ಹಕ್ಕು ನಿಮ್ಮದೆಂಬುದನ್ನು ಮರೆಯಬೇಡಿರಿ.